ನಿಮಗಿದು ಗೊತ್ತೇ? ಪೊದೆಯ ಬಳಿ ಇಬ್ಬರು, ಡಬ್ಬಿ ಒಂದೇ!

ಪಾರ್ಕಿನ ಕಲ್ಲುಬೆಂಚಿನ ಅಡಿಗೆ ಕೈ ಹಾಕಿ ತಡಕಾಡುವವರನ್ನು ಎಂದಾದರೂ ಕಂಡಿದ್ದೀರಾ? ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈ ಬೆಂಚಿನ ಕೆಳಗೆ, ಕಣ್ಣು ಮಾತ್ರ ನಾಲ್ಕೂ ದಿಕ್ಕಿಗೆ! ಅವರು ಏನನ್ನೂ ಕಳೆದುಕೊಂಡಿಲ್ಲ. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಉಪಗ್ರಹಗಳ ನೆರವಿನಿಂದ ಹುಡುಕುತ್ತಿದ್ದಾರೆ. ಆಟದ ಹೆಸರು ಜಿಯೋಕ್ಯಾಶಿಂಗ್. ಜಗತ್ತಿನಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಹೆಚ್ಚು. ಅಂಟಾರ್ಟಿಕಾದಲ್ಲೂ ಇವೆ, ನಮ್ಮ ಬೆಂಗಳೂರಿನಲ್ಲೂ ಇವೆ!

ಅಂದಹಾಗೆ, ಇಲ್ಲಿ ಕ್ಯಾಶ್ ಅಂದರೆ ದುಡ್ಡಲ್ಲ. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಪದ ಅದು. ಡಬ್ಬಿಯೊಳಗೆ ಮುಖ್ಯವಾಗಿ ಇರುವುದು ಒಂದು ಪುಟ್ಟ ಪುಸ್ತಕ. ಹುಡುಕಿದವರು ಅದರಲ್ಲಿ ಹೆಸರು, ತಾರೀಕು ಬರೆದು ಡಬ್ಬಿಯನ್ನು ಮತ್ತೆ ಅಲ್ಲೇ ಬಚ್ಚಿಡಬೇಕು. ಅಷ್ಟಕ್ಕೇ ಜನ ಬೆಟ್ಟ ಹತ್ತುತ್ತಾರೆ, ಮರ ಏರುತ್ತಾರೆ!

ಈ ಆಟ ಶುರುವಾದದ್ದು ಒಂದು ಸರ್ಕಾರಿ ಆದೇಶದಿಂದ. ಅಲ್ಲಿಯವರೆಗೆ ಅಮೆರಿಕ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡಿ ಕಳಿಸುತ್ತಿತ್ತು. 2000ದ ಮೇ 1ರ ರಾತ್ರಿ ಆ ಮಸುಕನ್ನು ತೆಗೆದುಹಾಕಿದರು. ರಾತ್ರಿ ಕಳೆದು ಬೆಳಗಾಗುವುದರಲ್ಲಿ ಜಿಪಿಎಸ್ ಸುಮಾರು ಹತ್ತು ಪಟ್ಟು ನಿಖರವಾಯಿತು! ಮೇ 3ರಂದು ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರ ಆರೆಗನ್ ರಾಜ್ಯದ ಕಾಡಿನಂಚಿನಲ್ಲಿ ಕಪ್ಪು ಬಕೆಟ್ ಒಂದನ್ನು ಬಚ್ಚಿಟ್ಟು, ಜಾಗದ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ಸಾರಿದ. ಒಳಗೇನಿತ್ತು ಗೊತ್ತೇ? ಪುಸ್ತಕ, ವಿಡಿಯೊ, ಒಂದಿಷ್ಟು ಹಣ, ಕವಣೆ, ಒಂದು ಡಬ್ಬಿ ಕಾಳು! ಆ ಕಾಳಿನ ಡಬ್ಬಿ ಮುಂದೆ ಮತ್ತೆ ಕೈಗೆ ಸಿಕ್ಕಿತು. ಈಗ ಆಟಗಾರರಿಗೆ ಅದು ಪೂಜ್ಯ ವಸ್ತು. ಕೂಟಗಳಲ್ಲಿ ಜನ ಅದರ ದರ್ಶನಕ್ಕೆ ನಿಲ್ಲುತ್ತಾರೆ!

ಈಗ ನಿಜವಾದ ಮಜಾಕ್ಕೆ ಬನ್ನಿ. ನೀವು ಹುಡುಕುತ್ತಿರುವ ಪೊದೆಯ ಬಳಿಗೇ ಇನ್ನೊಬ್ಬರು ಫೋನ್ ಹಿಡಿದು ಬಂದರು. ಅವರು ಬೇರೆ ಡಬ್ಬಿಗೆ ಬಂದಿರಬಹುದೇ? ಸಾಧ್ಯವೇ ಇಲ್ಲವೆನ್ನಿ! ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಇರಬೇಕೆಂಬುದು ನಿಯಮ. ಆ ಪೊದೆಗೆ ಹುಡುಕಿಕೊಂಡು ಬಂದ ಆಟಗಾರರೆಲ್ಲ ಅದೇ ಡಬ್ಬಿಯ ನೆಂಟರು!

ಆದರೂ ನೇರವಾಗಿ ಕೇಳುವಂತಿಲ್ಲ. ಅವರು ಬರೀ ವಾಯುವಿಹಾರಕ್ಕೆ ಬಂದವರಾಗಿದ್ದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಸುತ್ತಿ ಬಳಸಿ ಒಂದು ಮಾತು. “ಏನಾದರೂ ಹುಡುಕುತ್ತಿದ್ದೀರಾ?” ಅಥವಾ “ನಾನು ಹುಡುಕುತ್ತಿರುವುದನ್ನೇ ನೀವೂ ಹುಡುಕುತ್ತಿದ್ದೀರಾ?” ಎದುರಿನವರ ಮುಖದಲ್ಲಿ ನಗು ಅರಳಿತೋ, ಅವರು ನಮ್ಮವರೇ! ಹುಬ್ಬು ಗಂಟಿಕ್ಕಿದರೆ, “ಕೀ ಗೊಂಚಲು ಬಿದ್ದುಹೋಯಿತು” ಎಂದು ಹೇಳಿ ಜಾರಿಕೊಳ್ಳುವವರೂ ಇದ್ದಾರೆ.

ಆಟ ಗೊತ್ತಿಲ್ಲದ ದಾರಿಹೋಕರಿಗೆ ಆಟಗಾರರು ಇಟ್ಟಿರುವ ಹೆಸರು ಮಗಲ್! ಹೌದು, ಹ್ಯಾರಿ ಪಾಟರ್ ಕತೆಯ ಅದೇ ಪದ. ಅಲ್ಲಿ ಮಂತ್ರವಿದ್ಯೆ ತಿಳಿಯದವರು, ಇಲ್ಲಿ ಡಬ್ಬಿವಿದ್ಯೆ ತಿಳಿಯದವರು. ಡಬ್ಬಿಯನ್ನು ಯಾರೋ ಎತ್ತಿಕೊಂಡು ಹೋದರೆ “ಮಗಲ್ ಆಯಿತು” ಅನ್ನುತ್ತಾರೆ. ನೋಡಿ, ಕಳ್ಳತನಕ್ಕೂ ಒಂದು ಕ್ರಿಯಾಪದ!

ಮಗಲ್‌ಗಳ ಕಣ್ಣು ತಪ್ಪಿಸಲು ಶೂ ಲೇಸ್ ಕಟ್ಟುವ ನೆಪ ಹಳೆಯದು. ಫೋನಿನಲ್ಲಿ ಮಾತಾಡುವ ನಟನೆ ಇನ್ನೂ ಹಳೆಯದು. ಕೆಲವರು ಹೊಳೆಯುವ ಹಳದಿ ಜಾಕೆಟ್ ತೊಟ್ಟು, ಕೈಯಲ್ಲಿ ರಟ್ಟು, ಕಾಗದ ಹಿಡಿದು ನಿಲ್ಲುತ್ತಾರೆ. ಎದ್ದು ಕಾಣುವ ಬಟ್ಟೆ ತೊಟ್ಟವರನ್ನೇ ಯಾರೂ ಗಮನಿಸುವುದಿಲ್ಲ, ಕೆಲಸದವರಿರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ!

ಸರಿ, ಇಬ್ಬರೂ ಆಟಗಾರರೆಂದು ಗೊತ್ತಾಯಿತು. ಮುಂದೇನು? ಮೊದಲು ಬಂದವರಿಗೆ ಮೊದಲ ಮರ್ಯಾದೆ! ಅವರು ಏಕಾಂಗಿಯಾಗಿ ಹುಡುಕಲು ಬಯಸಿದರೆ ನೀವು ನಾಲ್ಕು ಹೆಜ್ಜೆ ಹಿಂದೆ ನಿಲ್ಲುತ್ತೀರಿ. ನಿಮಗೆ ಡಬ್ಬಿಯ ಜಾಗ ಮೊದಲೇ ಗೊತ್ತಿದ್ದರಂತೂ ತುಟಿ ಬಿಗಿಹಿಡಿಯಬೇಕು. “ಸುಳಿವು ಬೇಕಾ?” ಎಂದು ಕೇಳಿ. ಬೇಡ ಅಂದರೆ ಬೇಡ. ಕಣ್ಣಿನಲ್ಲೂ ಆ ಕಡೆ ನೋಡಬಾರದು, ಯಾಕೆಂದರೆ ಪಳಗಿದವರು ನಿಮ್ಮ ನೋಟದಿಂದಲೇ ಜಾಗ ಹಿಡಿದುಬಿಡುತ್ತಾರೆ!

ಇದಕ್ಕಿಂತ ಚಂದದ್ದು ಇನ್ನೊಂದಿದೆ. ನನಗೆ ಅತ್ಯಂತ ಇಷ್ಟವಾದದ್ದು ಇದೇ. ಐದಾರು ಜನ ಒಟ್ಟಿಗೆ ಹುಡುಕುತ್ತಿದ್ದೀರಿ. ಡಬ್ಬಿ ನಿಮ್ಮ ಕಣ್ಣಿಗೆ ಮೊದಲು ಬಿತ್ತು. ಕೂಗಬೇಡಿ! ಮುಟ್ಟಲೂಬೇಡಿ! ಏನೂ ಕಾಣದವರಂತೆ ಇನ್ನೂ ಎರಡು ಪೊದೆ ಕೆದಕಿ, ಮೆಲ್ಲಗೆ ದೂರ ನಡೆದು, ಒಂದು ಕಲ್ಲಿನ ಮೇಲೆ ಕೂತು ಹೇಳಬೇಕು, “ಹಕಲ್ ಬಕಲ್!” ಅಂದರೆ, ನನಗೆ ಕಂಡಿತು, ನೀವು ಮುಂದುವರಿಸಿ ಎಂದರ್ಥ. ಉಳಿದವರೂ ಒಬ್ಬೊಬ್ಬರಾಗಿ ಕಂಡು, ಬಂದು ಪಕ್ಕದಲ್ಲಿ ಕೂರುತ್ತಾರೆ. ಕೊನೆಗೆ ಒಬ್ಬರೇ ಉಳಿದು ತಡಕುತ್ತಿರುತ್ತಾರೆ, ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರುತ್ತಾರೆ. ಹಕಲ್ ಬಕಲ್ ಬೀನ್‌ಸ್ಟಾಕ್ ಎಂಬುದು ಮಕ್ಕಳು ಮನೆಯೊಳಗೆ ಆಡುವ ಆಟ. ಅದನ್ನು ಬೆಳೆದವರು ಕಾಡಿಗೆ ಒಯ್ದರು! ಎಲ್ಲರಿಗೂ ತಾವೇ ಕಂಡುಹಿಡಿದ ಸುಖ ಸಿಗಲಿ ಎಂದು ತನ್ನ ಕೇಕೆಯನ್ನು ನುಂಗಿಕೊಳ್ಳುವ ಆಟ ಬೇರೆ ಯಾವುದಿದೆ ಹೇಳಿ!

ಇದಕ್ಕೆ ಎದುರು ಪದ್ಧತಿಯೂ ಇದೆ. ಹೆಸರು ತ್ರೀ ಮಸ್ಕಿಟಿಯರ್ಸ್. ಒಬ್ಬರಿಗೆ ಸಿಕ್ಕರೆ ಎಲ್ಲರಿಗೂ ಸಿಕ್ಕಂತೆ! ಹೊರಡುವ ಮೊದಲೇ “ಇವತ್ತು ಹಕಲ್ಲೋ, ಮಸ್ಕಿಟಿಯರೋ?” ಎಂದು ಕೇಳಿಕೊಂಡರೆ ಜಗಳವಿಲ್ಲ.

ಮರದ ತುದಿಯಲ್ಲಿ ಡಬ್ಬಿ ಇದ್ದರೆ? ಒಬ್ಬ ಏರಿ, ಕೆಳಗೆ ನಿಂತ ನಾಲ್ವರ ಹೆಸರನ್ನೂ ಬರೆದು ಇಳಿಯಬಹುದೇ? ಇದರ ಬಗ್ಗೆ ಆಟಗಾರರಲ್ಲಿ ಬಿಸಿಬಿಸಿ ವಾದ ನಡೆಯುತ್ತಲೇ ಇರುತ್ತದೆ. ನನ್ನ ತೀರ್ಮಾನ ಕೇಳಿದರೆ, ಏರಿದವನದೇ ಡಬ್ಬಿ!

ಹೊಸ ಡಬ್ಬಿಯನ್ನು ಎಲ್ಲರಿಗಿಂತ ಮೊದಲು ಮುಟ್ಟುವುದಕ್ಕೆ ಎಫ್‌ಟಿಎಫ್ ಎಂದು ಹೆಸರು. ಅದರ ಹುಚ್ಚು ಎಷ್ಟೆಂದರೆ, ಫೋನಿಗೆ ಸೂಚನೆ ಬಂದೊಡನೆ ನಡುರಾತ್ರಿಯಲ್ಲೂ ಟಾರ್ಚ್ ಹಿಡಿದು ಓಡುತ್ತಾರೆ! ಹೋಗಿ ನೋಡಿದರೆ ಕತ್ತಲಲ್ಲಿ ಇನ್ನೊಂದು ಟಾರ್ಚ್ ಆಗಲೇ ಆಡುತ್ತಿರುತ್ತದೆ. ಆಗ ಅನೇಕರು ಸೇರಿಯೇ ಹುಡುಕಿ, ಮೊದಲ ಪುಟದಲ್ಲಿ ಇಬ್ಬರ ಹೆಸರನ್ನೂ ಬರೆದು ಗೆಲುವನ್ನು ಹಂಚಿಕೊಳ್ಳುತ್ತಾರೆ. ಇನ್ನೂ ಬೆರಗು ಬೇಕೇ? ಈ ಗೆಲುವಿಗೆ ಪದಕವಿಲ್ಲ, ಅಧಿಕೃತ ಲೆಕ್ಕವೂ ಇಲ್ಲ. ಅವರವರೇ ಎಣಿಸಿಕೊಳ್ಳಬೇಕು!

ಇಲ್ಲಿ ಸ್ವಂತ ಹೆಸರಿನಲ್ಲಿ ಆಡುವುದು ಕಡ್ಡಾಯವಲ್ಲ. ಎಲ್ಲರಿಗೂ ಒಂದೊಂದು ಅಂಕಿತ. ವರ್ಷಗಟ್ಟಲೆ ಡಬ್ಬಿಯ ಪುಸ್ತಕಗಳಲ್ಲಿ ನಿಮಗಿಂತ ಒಂದು ಸಾಲು ಮೇಲೆ ಕಂಡ ಅಂಕಿತ ಒಂದು ದಿನ ಮನುಷ್ಯರೂಪದಲ್ಲಿ ಎದುರಿಗೆ ನಿಲ್ಲುತ್ತದೆ! ಕೈಕುಲುಕಿ, ಅಂಕಿತ ಹೇಳಿಕೊಂಡ ಕೂಡಲೇ “ಓ, ಅದು ನೀವೇನಾ?” ಎಂಬ ಉದ್ಗಾರ. ಅಸಲಿ ಹೆಸರು ಕೇಳುವುದು ಆಮೇಲೆ. ಕೇಳದೆಯೇ ಗೆಳೆಯರಾಗಿ ಉಳಿದರೂ ತಪ್ಪಿಲ್ಲ.

ಭೇಟಿಯಾದವರು ಏನು ಕೊಟ್ಟುಕೊಳ್ಳುತ್ತಾರೆ ಗೊತ್ತೇ? ವಿಸಿಟಿಂಗ್ ಕಾರ್ಡ್ ಅಲ್ಲ, ಮರದ ನಾಣ್ಯ! ತಮ್ಮ ಅಂಕಿತ, ಚಿತ್ರ ಕೊರೆಸಿದ ಬಿಲ್ಲೆಗಳು. ಜರ್ಮನಿಯಲ್ಲಂತೂ ಅವನ್ನು ಅಂಚೆಚೀಟಿಯಂತೆ ಆಲ್ಬಮ್‌ನಲ್ಲಿ ಕೂಡಿಡುವವರಿದ್ದಾರೆ.

ಇದನ್ನು ಕೇಳಿ. ಕೆಲವರು ಸ್ವತಃ ನಡೆದಾಡುವ ನಿಧಿಗಳು! ಟ್ರಾವೆಲ್ ಬಗ್ ಎಂಬ ಲೋಹದ ಬಿಲ್ಲೆಗೆ ಒಂದು ಗುಪ್ತ ಸಂಖ್ಯೆ ಇರುತ್ತದೆ. ಡಬ್ಬಿಯಿಂದ ಡಬ್ಬಿಗೆ, ದೇಶದಿಂದ ದೇಶಕ್ಕೆ ಅದು ಸಾಗಿದ ದಾರಿಯನ್ನು ಆ ಸಂಖ್ಯೆ ತೋರಿಸುತ್ತದೆ. ಅಂಥದೇ ಸಂಖ್ಯೆಯನ್ನು ಟೀ ಶರ್ಟ್ ಮೇಲೆ, ಕಾರಿನ ಗಾಜಿನ ಮೇಲೆ ಹಾಕಿಸಿಕೊಂಡವರಿದ್ದಾರೆ. ಹಚ್ಚೆ ಹಾಕಿಸಿಕೊಂಡವರೂ ಇದ್ದಾರೆ! ಅವರನ್ನು ಭೇಟಿಯಾದರೆ ಸಂಖ್ಯೆ ಬರೆದುಕೊಂಡು “ಈ ಮನುಷ್ಯ ಸಿಕ್ಕ” ಎಂದು ದಾಖಲಿಸಬಹುದು. ಮರ್ಯಾದೆ ಇಷ್ಟೇ: ಕಣ್ಣಾರೆ ಕಂಡಿದ್ದರೆ ಮಾತ್ರ ದಾಖಲೆ, ಸಂಖ್ಯೆ ಕಾಣುವ ಫೋಟೊವನ್ನು ಯಾರಿಗೂ ಹಂಚುವಂತಿಲ್ಲ.

ಈ ನಡೆದಾಡುವ ನಿಧಿಯ ಕಲ್ಪನೆ ಹೊಸದೆಂದುಕೊಂಡಿರಾ? ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿಗೆ ಹೋಗೋಣ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರಾನ್‌ಮಿಯರ್ ಪೂಲ್ ಎಂಬ ದುರ್ಗಮ ಜೌಗಿನಲ್ಲಿ ಒಂದು ಬಾಟಲಿ ಇಟ್ಟ. ಅಲ್ಲಿಯವರೆಗೆ ನಡೆದುಹೋದವರು ಅದರಲ್ಲಿ ತಮ್ಮ ಕಾರ್ಡ್ ಹಾಕಿ ಬರುತ್ತಿದ್ದರು. ಅದರಿಂದ ಹುಟ್ಟಿದ್ದು ಲೆಟರ್‌ಬಾಕ್ಸಿಂಗ್. ಬಂಡೆಗಳ ಸಂದಿಯಲ್ಲಿ ಬಚ್ಚಿಟ್ಟ ಪೆಟ್ಟಿಗೆ, ಒಳಗೊಂದು ರಬ್ಬರ್ ಮೊಹರು. ಸಿಕ್ಕ ಮೊಹರನ್ನು ನಿಮ್ಮ ಪುಸ್ತಕಕ್ಕೆ ಒತ್ತಿಕೊಳ್ಳಬೇಕು. ಆದರೆ ಕೆಲವು ಮೊಹರುಗಳು ಯಾವ ಬಂಡೆಯಲ್ಲೂ ಇಲ್ಲ, ಆಟಗಾರರ ಜೇಬಿನಲ್ಲಿವೆ! ಅವಕ್ಕೆ ಟ್ರಾವೆಲರ್ ಎಂದು ಹೆಸರು. ಬಯಲಿನಲ್ಲಿ ಯಾರಾದರೂ ಎದುರಾದಾಗ ನೀವಾಗಿ ಕೇಳಬೇಕು. ಬಾಯಿ ಬಿಟ್ಟು ಕೇಳದಿದ್ದರೆ ನಿಧಿ ನಿಮ್ಮ ಪಕ್ಕದಲ್ಲೇ ನಡೆದುಹೋಗುತ್ತದೆ!

ಹುಡುಕಲು ಡಬ್ಬಿಯೇ ಇಲ್ಲದ ಕ್ಯಾಶ್ ಕೂಡ ಉಂಟು. ಹೇಳಿದ ಜಾಗಕ್ಕೆ, ಹೇಳಿದ ಹೊತ್ತಿಗೆ ಹೋದರೆ ಅಲ್ಲಿ ಸಿಗುವುದು ಬರೀ ಜನ! ಅಮೆರಿಕದ ಆಸ್ಟಿನ್ ನಗರದಲ್ಲಿ 2001ರಲ್ಲೇ ಇಂಥ ಕೂಟ ನಡೆಯಿತು. 500 ಜನ ಸೇರಿದರೆ ಮೆಗಾ, 5,000 ದಾಟಿದರೆ ಗಿಗಾ. ಮೊದಲ ಗಿಗಾ ನಡೆದದ್ದು 2014ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಇನ್ನು ಸೀಟೊ ಎಂಬ ಕೂಟಕ್ಕೆ ಬರುವವರು ಕೈಯಲ್ಲಿ ಚೀಲ ಹಿಡಿದು ಬರುತ್ತಾರೆ. ಸೇರಿದವರೆಲ್ಲ ಬಗ್ಗಿ ಕಸ ಎತ್ತುತ್ತಾರೆ. 2002ರಿಂದ ಇದು ನಡೆದುಬಂದಿದೆ!

ಎಲ್ಲ ಭೇಟಿಗಳೂ ಸುಖವಾಗಿ ಮುಗಿಯುವುದಿಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ, ಕೆಫೆಯೊಂದರ ಹೊರಗೆ ಯಾರೋ ಪುಟ್ಟ ಪೆಟ್ಟಿಗೆ ಇಟ್ಟು ಹೋದದ್ದನ್ನು ಕಂಡು ಪೊಲೀಸರಿಗೆ ಸುದ್ದಿ ಹೋಯಿತು. ರಸ್ತೆ ಬಂದ್! ಬಾಂಬ್ ನಿಷ್ಕ್ರಿಯ ದಳ ಬಂದು ಪೆಟ್ಟಿಗೆಯನ್ನು ಸ್ಫೋಟಿಸಿಯೇ ಬಿಟ್ಟಿತು. ಅದು ಆಟದ ಡಬ್ಬಿ! ಅದಕ್ಕೇ ಮಗಲ್‌ಗೆ ಏನಾದರೂ ನೆಪ ಹೇಳಿ, ಪೊಲೀಸರಿಗೆ ಮಾತ್ರ ನಿಜ ಹೇಳಿ ಎನ್ನುವುದು ಈ ಆಟದ ಬುದ್ಧಿಮಾತು. ಡಬ್ಬಿಯ ಮೇಲೆ ಇದು ಆಟದ್ದು ಎಂದು ದೊಡ್ಡದಾಗಿ ಬರೆದಿಡುವುದಂತೂ ಬೇಕೇ ಬೇಕು.

ಯಾರೂ ಎದುರಾಗುವ ಭಯವೇ ಇಲ್ಲದ ಡಬ್ಬಿಯೂ ಒಂದಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ! 2008ರಲ್ಲಿ ಬಾಹ್ಯಾಕಾಶ ಪ್ರವಾಸಿ ರಿಚರ್ಡ್ ಗ್ಯಾರಿಯಟ್ ಅಲ್ಲಿಗೆ ಹೋದಾಗ ಆ ಕ್ಯಾಶ್ ಇಟ್ಟರು. 2013ರಲ್ಲಿ ಗಗನಯಾತ್ರಿ ರಿಕ್ ಮಸ್ಟ್ರಾಕಿಯೊ ಒಂದು ಟ್ರಾವೆಲ್ ಬಗ್ ಹಿಡಿದು ಹೊರಟರು. ಅಲ್ಲಿ ಸುಳಿವು ಕೇಳೋಣವೆಂದರೆ ದಾರಿಹೋಕರೂ ಇಲ್ಲ!

ಭೂಮಿಗೆ ಇಳಿಯೋಣ. ಡಬ್ಬಿ ಸಿಕ್ಕಿತು, ಜೊತೆಯವರಿಗೂ ಸಿಕ್ಕಿತು. ಮುಂದೆ ಬರುವವರನ್ನು ನೀವು ಕಾಣುವುದಿಲ್ಲ, ಅವರಿಗೂ ಮರ್ಯಾದೆ ಸಲ್ಲಬೇಕು. ಒಳಗಿನ ಬೊಂಬೆ ತೆಗೆದುಕೊಂಡರೆ ಅದಕ್ಕೆ ಸಮನಾದದ್ದನ್ನೋ ಹೆಚ್ಚಿನದನ್ನೋ ಇಡಬೇಕು. ಚಾಕೊಲೇಟ್ ಮಾತ್ರ ಬೇಡವೇ ಬೇಡ! ವಾಸನೆ ಹಿಡಿದು ಬರುವ ಪ್ರಾಣಿ ಡಬ್ಬಿಯನ್ನೇ ಅಗಿದುಬಿಡುತ್ತದೆ. ಇನ್ನೂ ಒಳ್ಳೆಯ ಜಾಗ ಕಂಡಿತೆಂದು ಅತ್ತಿತ್ತ ಇಡಬಾರದು. ಇದ್ದಲ್ಲೇ, ಇದ್ದ ಹಾಗೇ!

ಬೆರಳ ತುದಿಯಷ್ಟು ಪುಟ್ಟ ನ್ಯಾನೊ ಡಬ್ಬಿಗಳೂ ಇವೆ. ಒಳಗೆ ನೂಲಿನುಂಡೆಯಂತೆ ಸುತ್ತಿದ ಕಾಗದದ ಪಟ್ಟಿ. ಗುಂಪಾಗಿ ಬಂದವರು ಒಬ್ಬೊಬ್ಬರೂ ಬರೆದರೆ ಪಟ್ಟಿಯೇ ಮುಗಿದುಹೋಗುತ್ತದೆ! ಅದಕ್ಕೇ ಎಲ್ಲರ ಪರವಾಗಿ ತಂಡದ ಒಂದೇ ಹೆಸರು ಬರೆಯುವ ಪದ್ಧತಿ.

ಆ ಪುಟ್ಟ ಡಬ್ಬಿಗಳಲ್ಲಿ ಪೆನ್ಸಿಲ್ ಹಿಡಿಸುವುದಿಲ್ಲ. ಬೆಟ್ಟ ಹತ್ತಿ, ಡಬ್ಬಿ ಹಿಡಿದು, ಬರೆಯಲು ಏನೂ ಇಲ್ಲದೆ ಪೇಚಾಡಿದವರಿಗೆ ಲೆಕ್ಕವಿಲ್ಲ! ಆಗಸ್ಟ್ ತಿಂಗಳ ಮೂರನೇ ಶನಿವಾರ ಅಂತರರಾಷ್ಟ್ರೀಯ ಜಿಯೋಕ್ಯಾಶಿಂಗ್ ದಿನ. ಅಂದು ನೀವೂ ಹೊರಟುನೋಡಿ. ಜೇಬಿನಲ್ಲಿ ಎರಡು ಪೆನ್ನು ಇರಲಿ. ಒಂದು ನಿಮಗೆ, ಇನ್ನೊಂದು ಪೊದೆಯ ಆಚೆಯಿಂದ ನಗುತ್ತಾ ಬರುವವರಿಗೆ!