ಪ್ರಾಸ್ಟೇಟ್ ಕ್ಯಾನ್ಸರ್ ತಪಾಸಣೆ: ದೀರ್ಘ ಕಾಯುವಿಕೆಯ ಅವಧಿಯಲ್ಲಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಅರವತ್ತು ದಾಟಿದ ಪುರುಷರು ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳುವುದು, ಮೂತ್ರದ ಧಾರೆ ಸಣ್ಣದಾಗುವುದು, ತಡೆತಡೆದು ಬರುವುದು ನಮ್ಮ ಗ್ರಾಮಗಳಲ್ಲಿ ಸಾಮಾನ್ಯ ಸಂಗತಿ. ಬಹುತೇಕರು ಸಂಕೋಚದಿಂದ ಇದನ್ನು ಯಾರಲ್ಲಿಯೂ ಹೇಳಿಕೊಳ್ಳುವುದಿಲ್ಲ. ಆಸ್ಪತ್ರೆಗೆ ಹೋದವರಲ್ಲಿ ಕೆಲವರಿಗೆ ವೈದ್ಯರು ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯನ್ನು ಬರೆದುಕೊಡುತ್ತಾರೆ. ಅದರ ಅಂಕಿ ಹೆಚ್ಚು ಬಂದಲ್ಲಿ ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಮೂತ್ರರೋಗ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಅಲೆದಾಟ ಆರಂಭವಾಗುತ್ತದೆ. ಎಂ.ಆರ್.ಐ.ಗೆ ಒಂದು ದಿನಾಂಕ, ಬಯಾಪ್ಸಿಗೆ ಇನ್ನೊಂದು, ವರದಿಗೆ ಮತ್ತೊಂದು. ರೋಗವಿದೆಯೋ ಇಲ್ಲವೋ ಎಂಬುದು ಖಚಿತವಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ಈ ಅವಧಿಯಲ್ಲಿ ಕುಟುಂಬದವರು ಸಲಹೆ ಕೇಳಿ ಬರುವುದು ಹೆಚ್ಚಾಗಿ ವಾರ್ಡಿನ ಸದಸ್ಯರ ಬಳಿಗೆ. ಇಷ್ಟು ದಿನ ಕಾದರೆ ರೋಗ ಹರಡುವುದಿಲ್ಲವೇ, ದನ ಮಾರಿಯಾದರೂ ಖಾಸಗಿ ಆಸ್ಪತ್ರೆಗೆ ಹೋಗಬೇಕೇ, ನಾಟಿ ಔಷಧಿ ಕೊಡಿಸಬಹುದೇ ಎಂಬ ಪ್ರಶ್ನೆಗಳು ಬರುತ್ತವೆ. ಚಿಕಿತ್ಸೆಯ ನಿರ್ಧಾರ ವೈದ್ಯರದು. ಆದರೆ ಕಾಯುವ ಅವಧಿ ವ್ಯರ್ಥವಾಗದಂತೆ, ಅಪಾಯಕ್ಕೆ ದಾರಿಯಾಗದಂತೆ ನೋಡಿಕೊಳ್ಳುವುದರಲ್ಲಿ ಸದಸ್ಯರ ಪಾತ್ರ ಸಣ್ಣದಲ್ಲ.

ಪಿ.ಎಸ್.ಎ. ಅಂಕಿಯ ಅರ್ಥ

ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮಾತ್ರ ಇರುವ, ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಸಣ್ಣ ಗ್ರಂಥಿ. ವಯಸ್ಸಾದಂತೆ ಇದು ಹಿಗ್ಗಿ ಮೂತ್ರನಾಳವನ್ನು ಒತ್ತುತ್ತದೆ. ಈ ವಯೋಸಹಜ ಹಿಗ್ಗುವಿಕೆ ಕ್ಯಾನ್ಸರ್ ಅಲ್ಲ. ಆದರೆ ಎರಡರ ಲಕ್ಷಣಗಳೂ ಒಂದೇ ತೆರನಾಗಿ ಕಾಣಬಹುದು. ಆರಂಭದ ಹಂತದ ಕ್ಯಾನ್ಸರ್ ಯಾವ ಲಕ್ಷಣವನ್ನೂ ತೋರದೆಯೂ ಇರಬಹುದು.

ಪಿ.ಎಸ್.ಎ. ಎಂಬುದು ಈ ಗ್ರಂಥಿಯು ಉತ್ಪಾದಿಸುವ ಒಂದು ಪ್ರೋಟೀನು. ರಕ್ತದಲ್ಲಿ ಅದರ ಪ್ರಮಾಣ ಪ್ರತಿ ಮಿಲಿಲೀಟರಿಗೆ 4 ನ್ಯಾನೊಗ್ರಾಂ ಮೀರಿದರೆ ಸಾಮಾನ್ಯವಾಗಿ ಮುಂದಿನ ಪರಿಶೀಲನೆ ನಡೆಯುತ್ತದೆ. ಗ್ರಂಥಿಯ ಹಿಗ್ಗುವಿಕೆ, ಮೂತ್ರದ ಸೋಂಕು, ಇತ್ತೀಚೆಗೆ ಕ್ಯಾತಿಟರ್ ಹಾಕಿರುವುದು ಇವೆಲ್ಲವೂ ಈ ಅಂಕಿಯನ್ನು ಏರಿಸಬಲ್ಲವು. ಅಂಕಿ 4ರಿಂದ 10ರ ನಡುವೆ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಕಂಡುಬರುತ್ತದೆ. 10 ದಾಟಿದಾಗ ಆ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಾಗುತ್ತದೆ. ಆದುದರಿಂದ ಈ ರಕ್ತಪರೀಕ್ಷೆಯ ಚೀಟಿಯೊಂದನ್ನೇ ನೋಡಿ ‘ಕ್ಯಾನ್ಸರ್ ಬಂದಿದೆ’ ಎಂದಾಗಲೀ ‘ಏನೂ ಇಲ್ಲ’ ಎಂದಾಗಲೀ ಯಾರೂ ಹೇಳಬಾರದು. ಖಚಿತ ಉತ್ತರ ದೊರೆಯುವುದು ಬಯಾಪ್ಸಿಯಿಂದ, ಅಂದರೆ ಗ್ರಂಥಿಯ ಹಲವು ಭಾಗಗಳಿಂದ ಸೂಜಿಯ ಮೂಲಕ ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ನಂತರವೇ.

ಎರಡು ಬಗೆಯ ಕಾಯುವಿಕೆ

ಕಾಮಗಾರಿಗಳ ಮೇಲ್ವಿಚಾರಣೆ ನಡೆಸುವ ಸದಸ್ಯರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಕಾಂಕ್ರೀಟ್ ಹಾಕಿದ ಮೇಲೆ ಕ್ಯೂರಿಂಗ್‌ಗೆ ದಿನಗಳನ್ನು ಕೊಡಲೇಬೇಕು. ಆ ಕಾಯುವಿಕೆ ಕೆಲಸದ ಭಾಗವೇ ಆಗಿರುತ್ತದೆ. ಅದೇ ಕಾಮಗಾರಿಯ ಕಡತ ಯಾವುದೋ ಮೇಜಿನ ಮೇಲೆ ಕೇಳುವವರಿಲ್ಲದೆ ಕುಳಿತಿದ್ದರೆ ಅದು ಕೆಲಸದ ಭಾಗವಲ್ಲ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ತಪಾಸಣೆಯಲ್ಲಿಯೂ ಹೀಗೆಯೇ. ಮೂತ್ರದ ಸೋಂಕು ಇದ್ದಲ್ಲಿ ಅದಕ್ಕೆ ಚಿಕಿತ್ಸೆ ನೀಡಿ, ಕೆಲವು ವಾರಗಳ ನಂತರ ಪಿ.ಎಸ್.ಎ. ಮರುಪರೀಕ್ಷೆ ಮಾಡುವುದು ಅಗತ್ಯ ಕ್ರಮ. ಬಯಾಪ್ಸಿಗೆ ಮುನ್ನ ಎಂ.ಆರ್.ಐ. ಮಾಡಿಸಿದರೆ ಸೂಜಿ ಎಲ್ಲಿಗೆ ಹೋಗಬೇಕೆಂಬುದು ಸ್ಪಷ್ಟವಾಗುತ್ತದೆ, ಕೆಲವರಿಗೆ ಬಯಾಪ್ಸಿಯೇ ಬೇಕಾಗದಿರಬಹುದು. ತುಣುಕುಗಳನ್ನು ಸಂಸ್ಕರಿಸಿ, ಪರೀಕ್ಷಿಸಿ ವರದಿ ಬರೆಯಲೂ ದಿನಗಳು ಬೇಕು. ಇವುಗಳಿಗಾಗಿ ಕಾಯುವುದರಿಂದ ಪ್ರಯೋಜನವಿದೆ.

ಇದಕ್ಕೆ ಹೊರತಾದ ವಿಳಂಬವೂ ಉಂಟು. ನಾನು ಕಾರ್ಯನಿರ್ವಹಿಸುವ ಪಂಚಾಯಿತಿ ವ್ಯಾಪ್ತಿಯ ಹಿರಿಯರೊಬ್ಬರ ಬಯಾಪ್ಸಿ ವರದಿ ಸಿದ್ಧವಾಗಿ ಎರಡು ತಿಂಗಳು ಆಸ್ಪತ್ರೆಯಲ್ಲಿಯೇ ಉಳಿದಿತ್ತು. ಆಸ್ಪತ್ರೆಯವರು ಕರೆ ಮಾಡುತ್ತಾರೆಂದು ಅವರು ಮನೆಯಲ್ಲಿ ಕಾಯುತ್ತಿದ್ದರು. ನೋಂದಣಿಯ ವೇಳೆ ಬರೆಸಿದ್ದುದು ಬೆಂಗಳೂರಿನಲ್ಲಿ ದುಡಿಯುವ ಮಗನ ಹಳೆಯ ದೂರವಾಣಿ ಸಂಖ್ಯೆ. ಆ ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ. ಈ ಎರಡು ತಿಂಗಳಿಗೂ ತಜ್ಞರ ಕೊರತೆಗೂ ಯಂತ್ರದ ಕೊರತೆಗೂ ಸಂಬಂಧವಿಲ್ಲ. ಮುಂದಿನ ದಿನಾಂಕವನ್ನು ಯಾರೂ ಕೇಳಿರಲಿಲ್ಲ ಎಂಬುದಷ್ಟೇ ಕಾರಣ.

ಆದುದರಿಂದ ಪ್ರತಿ ಭೇಟಿಯ ಕೊನೆಯಲ್ಲಿ ರೋಗಿಯಾಗಲೀ ಜೊತೆಗಿರುವವರಾಗಲೀ ನಾಲ್ಕು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು: ಮುಂದಿನ ಹಂತ ಯಾವುದು? ಯಾವ ಕೊಠಡಿಯಲ್ಲಿ? ಯಾವ ದಿನ? ಆ ದಿನ ಆಗದಿದ್ದರೆ ಯಾರನ್ನು ಸಂಪರ್ಕಿಸಬೇಕು? ಈ ನಾಲ್ಕಕ್ಕೂ ಉತ್ತರವಿದ್ದರೆ ಕುಟುಂಬದವರು ಕಾಯಬಹುದು. ಇಲ್ಲದಿದ್ದರೆ ಅದೇ ವಾರ ವಿಚಾರಿಸಬೇಕು.

ಕಾದರೆ ರೋಗ ಹರಡುವುದೇ?

ಬಹುಪಾಲು ಪ್ರಾಸ್ಟೇಟ್ ಕ್ಯಾನ್ಸರ್ ನಿಧಾನವಾಗಿ ಬೆಳೆಯುತ್ತದೆ. ಬ್ರಿಟನ್ನಿನಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ, ಆರಂಭದ ಹಂತದಲ್ಲಿಯೇ ರೋಗ ಪತ್ತೆಯಾದ 1,643 ಪುರುಷರನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ವಿಕಿರಣ ಚಿಕಿತ್ಸೆ, ಮತ್ತೊಂದಕ್ಕೆ ನಿಯತ ತಪಾಸಣೆಯೊಡನೆ ನಿಗಾ ವಹಿಸುವ ಕ್ರಮವನ್ನು ಅನುಸರಿಸಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸುಮಾರು 15 ವರ್ಷಗಳ ನಂತರವೂ ಮೂರೂ ಗುಂಪುಗಳಲ್ಲಿ ಈ ಕ್ಯಾನ್ಸರಿನಿಂದ ಮೃತಪಟ್ಟವರು ಶೇ. 3ರ ಆಸುಪಾಸಿನಲ್ಲಿಯೇ ಇದ್ದರು. ಇಂತಹ ಹಂತದಲ್ಲಿರುವವರಿಗೆ ಕೆಲವು ವಾರಗಳ ಕಾಯುವಿಕೆಯಿಂದ ಜೀವಕ್ಕೆ ತೊಂದರೆಯಾಗುವುದು ವಿರಳ. ಗಾಬರಿಯಿಂದ ಜಮೀನು, ಜಾನುವಾರು ಮಾರುವ ನಿರ್ಧಾರಕ್ಕೆ ಮುನ್ನ ಈ ಮಾತನ್ನು ಕುಟುಂಬಕ್ಕೆ ತಿಳಿಸಬೇಕು.

ಆದರೆ ಇದನ್ನು ಎಲ್ಲರಿಗೂ ಅನ್ವಯಿಸುವಂತಿಲ್ಲ. ನಮ್ಮ ಗ್ರಾಮಗಳಲ್ಲಿ ಅನೇಕರು ಆಸ್ಪತ್ರೆಗೆ ಬರುವುದೇ ರೋಗ ಮುಂದುವರಿದ ಮೇಲೆ. ಪಿ.ಎಸ್.ಎ. ಅಂಕಿ ಹತ್ತಾರು ಅಥವಾ ನೂರಾರು ಇದ್ದಲ್ಲಿ, ಬೆನ್ನು, ಸೊಂಟ ಅಥವಾ ಮೂಳೆಗಳಲ್ಲಿ ನಿರಂತರ ನೋವಿದ್ದಲ್ಲಿ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದಲ್ಲಿ ಸಾಮಾನ್ಯ ಸರತಿಯಲ್ಲಿ ಕಾಯುತ್ತ ಕೂರದೆ ಆ ವಿವರವನ್ನು ತಜ್ಞರ ಗಮನಕ್ಕೆ ತಂದು ಶೀಘ್ರ ದಿನಾಂಕ ಕೋರಬೇಕು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಶಿಫಾರಸು ಪತ್ರದಲ್ಲಿಯೇ ಈ ಅಂಶಗಳನ್ನು ನಮೂದಿಸಿದರೆ ಅನುಕೂಲ.

ಒಂದು ದಿನವೂ ಕಾಯಬಾರದ ಲಕ್ಷಣಗಳು

ಮುಂದಿನ ದಿನಾಂಕ ಎಷ್ಟೇ ಹತ್ತಿರವಿದ್ದರೂ, ಕೆಳಗಿನ ಯಾವುದೇ ಲಕ್ಷಣ ಕಂಡ ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ವಾಹನಕ್ಕೆ 108ಕ್ಕೆ ಕರೆ ಮಾಡಬಹುದು.

1. ಮೂತ್ರ ಸಂಪೂರ್ಣವಾಗಿ ಕಟ್ಟಿಕೊಂಡು ಕೆಳಹೊಟ್ಟೆ ಉಬ್ಬಿ ನೋಯುವುದು.
2. ಕಾಲುಗಳಲ್ಲಿ ಹೊಸದಾಗಿ ಬಲಹೀನತೆ ಅಥವಾ ಜೋಮು, ನಡೆಯಲು ತೊಡಕು, ಮಲಮೂತ್ರದ ಹಿಡಿತ ತಪ್ಪುವುದು. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಗಂಟೆಗಳು ಕಳೆದಂತೆ ಕಾಲುಗಳ ಶಕ್ತಿ ಮರಳುವ ಸಾಧ್ಯತೆ ಕುಗ್ಗುತ್ತದೆ.
3. ಮೂತ್ರದಲ್ಲಿ ರಕ್ತದ ಗಡ್ಡೆಗಳು ಬರುವುದು.
4. ಬಯಾಪ್ಸಿಯಾದ ನಂತರ ಚಳಿಜ್ವರ ಬರುವುದು. ಇದು ರಕ್ತಕ್ಕೆ ಸೋಂಕು ಸೇರಿರುವ ಸೂಚನೆಯಾಗಿರಬಹುದು. ಜ್ವರದ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬಾರದು.

ಹೋದ ದಾರಿಗೆ ಸುಂಕವಿಲ್ಲದೆ ಮರಳದಿರಲು

ದೂರದ ಆಸ್ಪತ್ರೆಗೆ ಹೋಗಿ ಪರೀಕ್ಷೆಯಾಗದೆ ಮರಳಿದರೆ ಮತ್ತೊಂದು ದಿನಾಂಕಕ್ಕೆ ಪುನಃ ವಾರಗಟ್ಟಲೆ ಕಾಯಬೇಕಾಗುತ್ತದೆ. ಹೀಗಾಗಲು ಕಾರಣಗಳು ಹೆಚ್ಚಾಗಿ ತಪ್ಪಿಸಬಹುದಾದವು.

ದಾಖಲೆಗಳು ಮೊದಲನೆಯವು. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುವುದು ನಮ್ಮಲ್ಲಿ ಅಪರೂಪವಲ್ಲ. ಈ ವ್ಯತ್ಯಾಸವನ್ನು ಕಾಯುವ ಅವಧಿಯಲ್ಲಿಯೇ ಸರಿಪಡಿಸಿಕೊಳ್ಳುವಂತೆ ಸದಸ್ಯರು ನೋಡಿಕೊಳ್ಳಬೇಕು. ಎಲ್ಲ ಚೀಟಿ, ವರದಿ, ಸ್ಕ್ಯಾನ್‌ಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿಟ್ಟು, ಪ್ರತಿಯೊಂದರ ಭಾವಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಬೇಕು. ಆಸ್ಪತ್ರೆಯಲ್ಲಿ ಊರಿನಲ್ಲಿರುವವರ, ಚಾಲ್ತಿಯಲ್ಲಿರುವ ಎರಡು ದೂರವಾಣಿ ಸಂಖ್ಯೆಗಳನ್ನು ಬರೆಸಬೇಕು.

ಎರಡನೆಯದು ವೈದ್ಯಕೀಯ ಸಿದ್ಧತೆ. ಎಂ.ಆರ್.ಐ.ಗೆ ಮುನ್ನ ಮೂತ್ರಪಿಂಡದ ಕಾರ್ಯ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಬೇಕೇ ಎಂದು ಕೇಳಬೇಕು. ಹೃದಯಕ್ಕೆ ಪೇಸ್‌ಮೇಕರ್ ಅಥವಾ ದೇಹದಲ್ಲಿ ಲೋಹದ ಸಾಧನ ಅಳವಡಿಸಿದ್ದರೆ ಮೊದಲೇ ತಿಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಬಯಾಪ್ಸಿಗೆ ಮುನ್ನ ಅದನ್ನು ವೈದ್ಯರಿಗೆ ಹೇಳಲೇಬೇಕು. ತಾವಾಗಿಯೇ ನಿಲ್ಲಿಸಬಾರದು. ಪಿ.ಎಸ್.ಎ. ಮರುಪರೀಕ್ಷೆಯನ್ನು ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಬೇಕು, ಏಕೆಂದರೆ ಪ್ರಯೋಗಾಲಯ ಬದಲಾದರೆ ಅಂಕಿಗಳನ್ನು ಹೋಲಿಸುವುದು ಕಷ್ಟ. ಗ್ರಂಥಿಯ ಹಿಗ್ಗುವಿಕೆಗೆ ಕೊಡುವ ಫಿನಾಸ್ಟರೈಡ್‌ನಂತಹ ಮಾತ್ರೆಯನ್ನು ತಿಂಗಳುಗಟ್ಟಲೆ ಸೇವಿಸುತ್ತಿದ್ದರೆ ಪಿ.ಎಸ್.ಎ. ಅಂಕಿ ಸುಮಾರು ಅರ್ಧಕ್ಕೆ ಇಳಿದು ಕಾಣುತ್ತದೆ. ಅದನ್ನೂ ವೈದ್ಯರಿಗೆ ತಿಳಿಸಬೇಕು.

ವೆಚ್ಚ ಮತ್ತು ಪ್ರಯಾಣ

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ದೊರೆಯುತ್ತದೆ. ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕಾಗುತ್ತದೆ. ಶಿಫಾರಸಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ, ಹಣ ಕಟ್ಟಿದ ಮೇಲೆ ಪಂಚಾಯಿತಿಗೆ ಬಂದರೆ ಮಾಡಬಹುದಾದುದು ಕಡಿಮೆ. ಹೊರರೋಗಿಯಾಗಿ ಮಾಡಿಸುವ ಯಾವ ಪರೀಕ್ಷೆಗೆ ಎಷ್ಟು ವೆಚ್ಚ ಭರಿಸಬೇಕೆಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಲ್ಲಿ ಮುಂಚಿತವಾಗಿಯೇ ವಿಚಾರಿಸಬೇಕು.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ದೂರದ ಕೇಂದ್ರಗಳಿಗೆ ಚಿಕಿತ್ಸೆಗೆ ಹೋಗಬೇಕಾದವರಿಗೆ, ಕ್ಯಾನ್ಸರ್ ದೃಢಪಟ್ಟಿದ್ದಲ್ಲಿ, ಆಸ್ಪತ್ರೆಯ ನಿಗದಿತ ನಮೂನೆಯ ಪ್ರಮಾಣಪತ್ರದ ಮೇಲೆ ರೈಲು ದರದಲ್ಲಿ ರಿಯಾಯಿತಿ ಇದೆ. ಜೊತೆಗೆ ಹೋಗುವ ಒಬ್ಬರಿಗೂ ಇದು ಅನ್ವಯಿಸುತ್ತದೆ. ಪತ್ನಿ ಅಥವಾ ಮಗಳು ಜೊತೆಗೆ ಹೋಗುವುದಾದರೆ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಅವರ ಪ್ರಯಾಣ ಉಚಿತ. ‘ಇದು ಗಂಡಸರ ಕಾಯಿಲೆ’ ಎಂದು ಮನೆಯ ಹೆಣ್ಣುಮಕ್ಕಳನ್ನು ದೂರವಿಡುವ ಬದಲು ಅವರನ್ನು ಜೊತೆಗೆ ಕಳುಹಿಸುವುದು ಉತ್ತಮ. ವೈದ್ಯರು ಹೇಳಿದ್ದನ್ನು ನೆನಪಿಡಲು ಇಬ್ಬರಿದ್ದರೆ ಒಳ್ಳೆಯದು.

ಮನೆಯಲ್ಲಿ ಕಾಯುವ ದಿನಗಳು

ರಾತ್ರಿ ಏಳುವುದನ್ನು ತಪ್ಪಿಸಲು ಹಲವರು ಇಡೀ ದಿನ ನೀರನ್ನೇ ಬಿಡುತ್ತಾರೆ. ಇದು ಸರಿಯಲ್ಲ. ಹಗಲು ಸಾಕಷ್ಟು ನೀರು ಕುಡಿದು, ಮಲಗುವ ಒಂದೆರಡು ಗಂಟೆ ಮುನ್ನ ನೀರು, ಚಹಾ, ಕಾಫಿ ಕಡಿಮೆ ಮಾಡಿದರೆ ಸಾಕು. ಅಂಗಡಿಯಲ್ಲಿ ಸಿಗುವ ಕೆಲವು ನೆಗಡಿ ಮಾತ್ರೆಗಳು ಮೂತ್ರ ಕಟ್ಟುವಂತೆ ಮಾಡಬಲ್ಲವಾದುದರಿಂದ ವೈದ್ಯರನ್ನು ಕೇಳದೆ ಸೇವಿಸಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ತಪ್ಪಿಸಬಾರದು. ಬೀಡಿ, ತಂಬಾಕು ಬಿಡಲು ಇದು ತಕ್ಕ ಸಮಯ. ನಾಟಿ ಔಷಧಿ ಸೇವಿಸುತ್ತಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಅದನ್ನು ನಂಬಿ ಪರೀಕ್ಷೆಯ ದಿನಾಂಕವನ್ನು ಮಾತ್ರ ಬಿಡಬಾರದು.

ಶರೀರಕ್ಕಿಂತ ಮನಸ್ಸಿಗೆ ಈ ದಿನಗಳು ಹೆಚ್ಚು ಭಾರ. ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಕೆಲಸದಲ್ಲಿ ಆಸಕ್ತಿ ಹೋಗುವುದು ಕಂಡುಬಂದರೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಜೀವನ ಸಾಕೆನ್ನುವ ಮಾತು ಬಾಯಿಂದ ಬಂದರೆ ಅದನ್ನು ಹಗುರವಾಗಿ ಪರಿಗಣಿಸದೆ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು.

ಶಿಬಿರ ಏರ್ಪಡಿಸುವ ಮುನ್ನ

ಕೆಲವು ಸದಸ್ಯರು ಎಲ್ಲ ಹಿರಿಯರಿಗೂ ಉಚಿತ ಪಿ.ಎಸ್.ಎ. ಶಿಬಿರ ನಡೆಸುವ ಇಚ್ಛೆ ವ್ಯಕ್ತಪಡಿಸಿದ್ದಾರೆ. ಆಶಯ ಒಳ್ಳೆಯದು. ಆದರೆ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟವರಿಗೆ ನಡೆಯುವ ಸಾಮೂಹಿಕ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಸಂಬಂಧಿಸಿದೆ, ಪ್ರಾಸ್ಟೇಟ್ ಅದರಲ್ಲಿಲ್ಲ. ಮುಂದಿನ ಹಂತದ ವ್ಯವಸ್ಥೆಯಿಲ್ಲದೆ ನೂರಾರು ಜನರ ಕೈಗೆ ಅಂಕಿಯ ಚೀಟಿ ಕೊಟ್ಟರೆ ಸೋಂಕು, ಹಿಗ್ಗುವಿಕೆ ಇರುವವರೂ ಭಯದಿಂದ ಅದೇ ಸರತಿಗೆ ಸೇರುತ್ತಾರೆ. ನಿಜವಾಗಿ ತುರ್ತಿರುವವರ ದಿನಾಂಕ ಹಿಂದೆ ಸರಿಯುತ್ತದೆ. ಇದರ ಬದಲು ಮೂತ್ರದ ತೊಂದರೆ ಇರುವವರನ್ನೂ, ತಂದೆ ಅಥವಾ ಸಹೋದರರಿಗೆ ಈ ಕ್ಯಾನ್ಸರ್ ಬಂದಿರುವವರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ ಕಳುಹಿಸುವುದು ಸೂಕ್ತ.

ಸದಸ್ಯರಲ್ಲಿ ವಿನಂತಿ

ತಮ್ಮ ವಾರ್ಡಿನಲ್ಲಿ ಇಂತಹ ತಪಾಸಣೆಯ ನಡುವೆ ಇರುವವರು ತಮ್ಮನ್ನು ಸಂಪರ್ಕಿಸಿದಲ್ಲಿ, ಅವರ ಒಪ್ಪಿಗೆ ಪಡೆದು ಮುಂದಿನ ದಿನಾಂಕವನ್ನು ತಮ್ಮ ಡೈರಿಯಲ್ಲಿ ಬರೆದುಕೊಳ್ಳಿರಿ. ಆ ದಿನಾಂಕಕ್ಕೆ ಮೂರು ದಿನ ಮುನ್ನ ಒಮ್ಮೆ, ಮರುದಿನ ಒಮ್ಮೆ ವಿಚಾರಿಸಿರಿ. ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಸಿಬ್ಬಂದಿಯ ನೆರವು ಪಡೆಯಿರಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಪ್ರಯಾಣ, ದಾಖಲೆ ಮತ್ತು ಶಿಫಾರಸಿನ ತೊಡಕುಗಳನ್ನು ಚರ್ಚಿಸಬಹುದು. ಆದರೆ ರೋಗಿಯ ಹೆಸರಾಗಲೀ ಅಂಕಿಯಾಗಲೀ ಸಭೆಯಲ್ಲಿ, ನಡವಳಿಯಲ್ಲಿ ಅಥವಾ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರಬಾರದು. ಹೆಸರು ಹೊರಬಿದ್ದೀತೆಂಬ ಅಂಜಿಕೆಯಿಂದಲೇ ಎಷ್ಟೋ ಹಿರಿಯರು ಮೊದಲ ಪರೀಕ್ಷೆಗೂ ಹೋಗುವುದಿಲ್ಲ.

ತಜ್ಞರ ಸಂಖ್ಯೆಯನ್ನಾಗಲೀ ಯಂತ್ರಗಳ ಸಂಖ್ಯೆಯನ್ನಾಗಲೀ ಹೆಚ್ಚಿಸುವುದು ಗ್ರಾಮ ಪಂಚಾಯಿತಿಯ ಕೈಯಲ್ಲಿಲ್ಲ. ಸಿದ್ಧವಾದ ವರದಿ ಪಡೆಯುವವರಿಲ್ಲದೆ ಆಸ್ಪತ್ರೆಯಲ್ಲಿ ಉಳಿಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.