ಗೋಡೆಯ ಮೇಲೆ ಗಾರೆಯ ಚಿತ್ತಾರ

ಹಂಪೆಗೆ ಬರುವವರ ಕಣ್ಣೆಲ್ಲ ಕಲ್ಲಿನ ಮೇಲೆ. ಗಾರೆಯನ್ನು ನೋಡುವವರು ಕಡಮೆ. ಕಮಲ ಮಹಲಿನ ಕಮಾನುಗಳ ಅಡಿಯಲ್ಲಿ, ಇಲ್ಲವೆ ರಾಣಿಯರ ಸ್ನಾನಗೃಹದ ಕೊಳವನ್ನು ಸುತ್ತುವ ಮೊಗಸಾಲೆಯಲ್ಲಿ ನಿಂತು ತಲೆಯೆತ್ತಿದರೆ, ಸುಣ್ಣದ ಗಾರೆಯಲ್ಲಿ ಎಬ್ಬಿಸಿದ ಚಿತ್ತಾರದ ಉಳಿಕೆ ಈಗಲೂ ಕಾಣುತ್ತದೆ. 1565ರಲ್ಲಿ ರಾಜಧಾನಿ ಹಾಳಾಯಿತು. ಗಾರೆ ಇನ್ನೂ ಗೋಡೆಯನ್ನು ಬಿಟ್ಟಿಲ್ಲ. ಹಾಗಿರುವಾಗ ಹೊಸಪೇಟೆಯ ಹಳೆಯ ಮನೆಗಳಲ್ಲಿ ಸಿಮೆಂಟಿನ ತೇಪೆ ಕೆಲವೇ ಮಳೆಗಾಲಕ್ಕೆ ಹಪ್ಪಳದಂತೆ ಏಳುವುದೇಕೆ?

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಈ ನಿಧಾನವೇ ಚಿತ್ತಾರ ಬಿಡಿಸುವವನಿಗೆ ವರ. ತಿದ್ದಲು, ಕೊರೆಯಲು, ಒತ್ತಲು ಅವನಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಸಿಮೆಂಟಿಗೆ ಅಷ್ಟು ತಾಳ್ಮೆಯಿಲ್ಲ. ಹಿಂದೆ ಗಾರೆಯನ್ನು ಗಾಣದಲ್ಲಿ ಅರೆಯುತ್ತಿದ್ದರು; ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುವುದೂ ಉಂಟು. ಕಬ್ಬು ಬೆಳೆಯುವ ಕಂಪ್ಲಿಯವರಿಗೆ ಈ ಮಾತು ರುಚಿಸೀತು!

ಮನೆಯ ಒಳಗೋಡೆಗೆ ಈ ಕೆಲಸ ಮಾಡಿಸುವುದು ಕಷ್ಟವಲ್ಲ, ಅವಸರ ಮಾತ್ರ ಕೂಡದು. ಗೋಡೆಯನ್ನು ನೆನೆಸಿ, ದಪ್ಪ ಮರಳಿನ ಮೊದಲ ಪದರ ಹಚ್ಚಿ, ಹಸಿಯಿರುವಾಗಲೇ ಗೀರು ಹಾಕಬೇಕು. ಮೇಲಿನ ಪದರಕ್ಕೆ ಅದೇ ಹಿಡಿತ. ಅದು ಗಟ್ಟಿಯಾದ ಮೇಲೆ ಮತ್ತೆ ನೀರು ಚಿಮುಕಿಸಿ, ಸಣ್ಣ ಮರಳಿನ ತೆಳು ಪದರ. ಬೆರಳೊತ್ತಿದರೆ ಗುರುತು ಬೀಳಬೇಕು, ಗಾರೆ ಅಂಟಬಾರದು. ಚಿತ್ತಾರಕ್ಕೆ ಅದೇ ಹದ. ಗೋಣಿತಟ್ಟು ಒತ್ತಿದರೆ ನೇಯ್ಗೆಯ ಅಚ್ಚು ಮೂಡುತ್ತದೆ, ಮರದ ಬಾಚಣಿಗೆ ಎಳೆದರೆ ಅಲೆ. ಕೈ ಪಳಗಿದವರು ಕರಣೆಯ ಮೊನೆಯಲ್ಲೇ ಬಳ್ಳಿ ಬಿಡಿಸುತ್ತಾರೆ. ಸುಣ್ಣ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಬರಿಗೈಯಲ್ಲಿ ಮುಟ್ಟಬಾರದು.

ಬಣ್ಣ ಬೇಕಾದವರು ಹಸಿ ಗಾರೆಗೇ ಕಾವಿ ಬೆರೆಸಬಹುದು. ಸಂಡೂರಿನ ಬೆಟ್ಟಗಳನ್ನು ಕೆಂಪಾಗಿಸಿದ ಕಬ್ಬಿಣದ ಅಂಶವೇ ಅದರಲ್ಲಿರುವುದು. ಸುಣ್ಣದ ಖಾರಕ್ಕೆ ಅದು ಮಾಸುವುದಿಲ್ಲ.

ಇನ್ನು ಸಿಮೆಂಟಿನ ಮಾತು. ಸುಣ್ಣದ ಗೋಡೆ ನೆಲದಿಂದ ಏರಿದ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ ಎಣ್ಣೆ ಬಣ್ಣ ಹೊಡೆದರೆ ತೇವ ಒಳಗೇ ಉಳಿದು, ಉಪ್ಪು ಕಟ್ಟಿ, ಇಟ್ಟಿಗೆಯನ್ನೂ ಪುಡಿ ಮಾಡುತ್ತದೆ. ಅಂಥ ಮನೆಯುಳ್ಳವರು ಉಬ್ಬಿದ ತೇಪೆಯನ್ನು ಮೆಲ್ಲಗೆ ಕಿತ್ತು, ಬೇಸಗೆಯೆಲ್ಲ ಗೋಡೆಯನ್ನು ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆಯನ್ನೇ ಹಚ್ಚಿಸಲಿ.