ಕಪ್ಪು ಲೇಸಿನ ಮುದ್ದು: ಹರಾಜುಕುವಿನ ಗಾಥಿಕ್ ಲೋಲಿಟಾ

ಮೊಣಕಾಲಿನವರೆಗೆ ಗಂಟೆಯಾಕಾರದಲ್ಲಿ ಉಬ್ಬಿ ನಿಲ್ಲುವ ಲಂಗ, ದುಂಡು ಕಾಲರು, ಪುಗ್ಗ ತೋಳು, ಗದ್ದದ ಕೆಳಗೆ ರಿಬ್ಬನ್ನಿನಿಂದ ಕಟ್ಟಿಕೊಳ್ಳುವ ಬಾನೆಟ್ ಟೊಪ್ಪಿಗೆ, ಇವೆಲ್ಲ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಸಿರಿವಂತ ಮನೆಗಳ ಮಕ್ಕಳ ಉಡುಪನ್ನು ನೆನಪಿಸುತ್ತವೆ. ಅದೇ ಉಡುಪು ಅಡಿಯಿಂದ ಮುಡಿಯವರೆಗೆ ಕಪ್ಪಾಗಿ, ಲಂಗದ ಅಂಚಿನಲ್ಲಿ ಶಿಲುಬೆ, ಕವಲುದೀಪ, ಕಬ್ಬಿಣದ ಗೇಟುಗಳ ಚಿತ್ರ ಮೂಡಿದಾಗ ಅದು ಮಗುವಿನ ಉಡುಪಾಗಿ ಉಳಿದುಕೊಂಡೇ ಶೋಕದ ಉಡುಪೂ ಆಗುತ್ತದೆ. ಜಪಾನಿನ ರಾಜಧಾನಿ ಟೋಕಿಯೋದ ಹರಾಜುಕು ಪ್ರದೇಶದಲ್ಲಿ ಬೆಳೆದ ಈ ಶೈಲಿಗೆ ಗಾಥಿಕ್ ಲೋಲಿಟಾ ಎಂದು ಹೆಸರು. ಅದನ್ನು ತೊಡುವವರು ಚುಟುಕಾಗಿ ಗೋಸುರೋರಿ ಎನ್ನುತ್ತಾರೆ. ಕವಾಯಿ, ಎಂದರೆ ನೋಡಿದೊಡನೆ ಅಕ್ಕರೆ ಹುಟ್ಟಿಸುವ ಎಳೆತನದ ಚೆಲುವು, ಜಪಾನಿನ ಜನಪ್ರಿಯ ಸಂಸ್ಕೃತಿಯಲ್ಲಿ ಎಲ್ಲೆಲ್ಲೂ ಕಾಣುವಂಥದು. ಆ ಚೆಲುವಿಗೆ ಸಾವು, ನೋವು, ಏಕಾಂತಗಳ ನೆರಳನ್ನು ಬೆರೆಸಿದ ಹಲವು ಬೀದಿ ಶೈಲಿಗಳಲ್ಲಿ ಗಾಥಿಕ್ ಲೋಲಿಟಾ ಹೆಚ್ಚು ದೀರ್ಘಾಯುವಾದುದು, ಹೊಲಿಗೆಯ ದೃಷ್ಟಿಯಿಂದ ಹೆಚ್ಚು ಶ್ರೀಮಂತವಾದುದು.

ವಿನ್ಯಾಸದ ಅಧ್ಯಯನಕ್ಕಾಗಿ ಇದನ್ನು ಎತ್ತಿಕೊಳ್ಳುವ ವಿದ್ಯಾರ್ಥಿಗಳು ಮೊದಲು ಕೈಹಾಕುವುದು ಚಿಹ್ನೆಗಳಿಗೆ. ಬಾವಲಿ, ಶಿಲುಬೆ, ತಲೆಬುರುಡೆಗಳನ್ನು ಆಯ್ದು ಫಲಕಕ್ಕೆ ಅಂಟಿಸಿದರೆ ಅರ್ಧ ಕೆಲಸ ಮುಗಿಯಿತೆಂಬ ಭಾವನೆ ಬರುವುದು ಸಹಜ. ಆದರೆ ಚಿಹ್ನೆ ಇಲ್ಲಿ ಕೊನೆಯ ಪದರ ಮಾತ್ರ. ಮುದ್ದು ಮತ್ತು ಕತ್ತಲೆ ಒಂದನ್ನೊಂದು ಹಿಡಿದುಕೊಳ್ಳುವುದು ಬಟ್ಟೆಯ ಕಟಿಂಗಿನಲ್ಲಿ, ಹೊಲಿಗೆಯಲ್ಲಿ, ಅದನ್ನು ತೊಡುವವರ ಉದ್ದೇಶದಲ್ಲಿ.

ಹರಾಜುಕು ಈ ಬಗೆಯ ಪ್ರಯೋಗಗಳ ನೆಲೆಯಾದುದಕ್ಕೆ ಚಾರಿತ್ರಿಕ ಕಾರಣಗಳಿವೆ. ಎರಡನೆಯ ಮಹಾಯುದ್ಧದ ತರುವಾಯ ಪಕ್ಕದ ಯೊಯೊಗಿಯಲ್ಲಿ ಅಮೆರಿಕದ ಸೈನಿಕ ಕುಟುಂಬಗಳಿಗಾಗಿ ವಾಷಿಂಗ್ಟನ್ ಹೈಟ್ಸ್ ಎಂಬ ಬಡಾವಣೆ ಎದ್ದಿತು, ಅವರ ಬೇಕುಬೇಡಗಳಿಗೆ ತಕ್ಕ ಅಂಗಡಿಗಳು ಸುತ್ತಮುತ್ತ ತೆರೆದುಕೊಂಡವು. 1964ರ ಒಲಿಂಪಿಕ್ ಕ್ರೀಡೆಗಳ ಹೊತ್ತಿಗೆ ಆ ಜಾಗ ಜಪಾನಿಗೆ ಮರಳಿ ಕ್ರೀಡಾಳುಗಳ ವಸತಿಯಾಯಿತು. 1977ರಿಂದ ರಜಾದಿನಗಳಲ್ಲಿ ಇಲ್ಲಿನ ಮುಖ್ಯ ರಸ್ತೆಗೆ ವಾಹನಗಳನ್ನು ಬಿಡದೆ, ಪಾದಚಾರಿಗಳ ಸ್ವರ್ಗ ಎಂಬ ಅರ್ಥದ ಹೊಕೊತೆನ್ ವ್ಯವಸ್ಥೆಯನ್ನು ಜಾರಿಗೆ ತರಲಾಯಿತು. 1978ರಲ್ಲಿ ಲಾಫೊರೆ ಎಂಬ ಬಹುಮಹಡಿ ಮಳಿಗೆ ತೆರೆದು ಸಣ್ಣ ವಿನ್ಯಾಸಕರಿಗೂ ಜಾಗ ಕೊಟ್ಟಿತು. ಕುಣಿಯಲು, ಹಾಡಲು, ಉಟ್ಟದ್ದನ್ನು ತೋರಿಸಲು ರಸ್ತೆಯೇ ಸಿಕ್ಕಾಗ, ನೋಡುವವರೂ ನೋಡಿಸಿಕೊಳ್ಳುವವರೂ ಒಂದೇ ವಯಸ್ಸಿನವರಾಗಿದ್ದ ಸಾರ್ವಜನಿಕ ರಂಗವೊಂದು ರೂಪುಗೊಂಡಿತು. ಹೊಕೊತೆನ್ 1998ರಲ್ಲಿ ನಿಂತುಹೋದ ಮೇಲೂ ರೈಲು ನಿಲ್ದಾಣಕ್ಕೂ ಮೇಜಿ ದೇಗುಲಕ್ಕೂ ನಡುವಿನ ಜಿಂಗು ಸೇತುವೆಯ ಮೇಲೆ ಭಾನುವಾರಗಳಂದು ಕಪ್ಪುಡುಗೆಯ ಹುಡುಗಿಯರು ಸೇರುವುದು ನಡೆದೇ ಇತ್ತು.

ಶೈಲಿಯ ಬೇರುಗಳು ಎರಡು. ಒಂದು, 1970ರಲ್ಲಿ ಹಿತೊಮಿ ಒಕಾವಾ ಅವರು ಹರಾಜುಕುವಿನಲ್ಲಿ ಆರಂಭಿಸಿದ ಮಿಲ್ಕ್, 1988ರಲ್ಲಿ ಆರಂಭವಾದ ಬೇಬಿ ದ ಸ್ಟಾರ್ಸ್ ಶೈನ್ ಬ್ರೈಟ್ ಮೊದಲಾದ ಬ್ರ್ಯಾಂಡುಗಳು ಬೆಳೆಸಿದ ಬೊಂಬೆಯಂಥ ಉಡುಪುಗಳ ಪರಂಪರೆ. ಇನ್ನೊಂದು, ವಿಷುಯಲ್ ಕೇ ಎಂಬ ಸಂಗೀತಪಂಥ, ಎಂದರೆ ಹಾಡಿನಷ್ಟೇ ವೇಷಭೂಷಣಕ್ಕೂ ಬೆಲೆ ಕೊಡುವ ಜಪಾನಿ ರಾಕ್ ತಂಡಗಳ ಲೋಕ. ಆ ಲೋಕದ ಮಾಲಿಸ್ ಮಿಜೆರ್ ತಂಡದ ಗಿಟಾರ್ ವಾದಕ ಮಾನಾ ಅವರು ಗಂಡಸಾಗಿದ್ದೂ ವೇದಿಕೆಯ ಮೇಲೆ ಕಪ್ಪು ಲೇಸಿನ ಸ್ತ್ರೀವೇಷದಲ್ಲಿ ಕಾಣಿಸಿಕೊಳ್ಳುತ್ತಿದ್ದರು. 1999ರಲ್ಲಿ ಅವರು ಮ್ವಾ ಮೆಮ್ ಮ್ವಾತಿಯೆ ಎಂಬ ತಮ್ಮದೇ ಬ್ರ್ಯಾಂಡನ್ನು ಸ್ಥಾಪಿಸಿ, ಅದರ ಉಡುಪುಗಳನ್ನು ಎಲಿಗೆಂಟ್ ಗಾಥಿಕ್ ಲೋಲಿಟಾ, ಎಲಿಗೆಂಟ್ ಗಾಥಿಕ್ ಅರಿಸ್ಟೊಕ್ರಾಟ್ ಎಂದು ಎರಡು ವರ್ಗಗಳಾಗಿ ವಿಂಗಡಿಸಿದರು. ಅಭಿಮಾನಿಗಳು ಅದಕ್ಕೆ ಮೊದಲೇ ಹೊಲಿದುಕೊಂಡು ತೊಡುತ್ತಿದ್ದ ಉಡುಪಿಗೆ ಹೀಗೆ ಒಂದು ವ್ಯಾಕರಣ ದೊರಕಿತು. ಕಪ್ಪಿನ ಜೊತೆಗೆ ಕಡುನೀಲಿ ಆ ಬ್ರ್ಯಾಂಡಿನ ಗುರುತಾಯಿತು.

ನಬೊಕೊವ್ ಅವರ 1955ರ ಲೋಲಿಟಾ ಕಾದಂಬರಿಯನ್ನು ಬಲ್ಲ ಓದುಗರಿಗೆ ಶೈಲಿಯ ಈ ಹೆಸರು ಇರುಸುಮುರುಸು ಉಂಟುಮಾಡುವುದು ಸಹಜವಾದರೂ, ಕತ್ತಿನವರೆಗೆ ಗುಂಡಿ ಹಾಕಿದ ಬ್ಲೌಸು, ಮೊಣಕಾಲು ಮುಚ್ಚುವ ಕಾಲುಚೀಲ, ಒಳಗೆ ಬ್ಲೂಮರ್ಸ್ ಎಂಬ ಸಡಿಲ ಚಡ್ಡಿ ಇವುಗಳಿಂದ ಕೂಡಿದ ಉಡುಪು ಗಂಡಿನ ಕಣ್ಣನ್ನು ಸೆಳೆಯುವ ಉದ್ದೇಶದಿಂದ ಹುಟ್ಟಿದ್ದಲ್ಲ ಎಂಬುದನ್ನು ಅದರ ರಚನೆಯೇ ಹೇಳುತ್ತದೆ, ತೊಡುವವರೂ ಬಿಡದೆ ಹೇಳುತ್ತ ಬಂದಿದ್ದಾರೆ.

ಅಧ್ಯಯನಕ್ಕೆ ನಿಜವಾದ ಸಾಮಗ್ರಿ ಸಿಗುವುದು ಉಡುಪಿನ ಒಳಮೈಯಲ್ಲಿ. ಲಂಗದ ಉಬ್ಬನ್ನು ಹೊರಬಟ್ಟೆಯಲ್ಲ, ಅದರಡಿಯ ಪ್ಯಾನಿಯರ್ ಎಂಬ ಒಳಲಂಗ ಹೊರುತ್ತದೆ. ಬಿರುಸಾದ ಜಾಲರಿ ಬಟ್ಟೆಯ ಪದರಗಳನ್ನು ಒತ್ತೊತ್ತಾಗಿ ನೆರಿಗೆ ಹಿಡಿದು ಹೊಲಿದಾಗ ಗಂಟೆಯಾಕಾರವೂ, ತೆಳು ಆರ್ಗಂಡಿಯಿಂದ ಹೊಲಿದಾಗ ಹೆಚ್ಚು ಮೆತ್ತಗಿನ ಇಳಿಜಾರೂ ಬರುತ್ತವೆ. ಅನೇಕ ಉಡುಪುಗಳು ಒಂದೇ ಅಳತೆಯಲ್ಲಿ ತಯಾರಾಗುವುದರಿಂದ ಬೆನ್ನಿನ ಭಾಗದಲ್ಲಿ ಎಲಾಸ್ಟಿಕ್ ದಾರದ ಸಾಲುಗಳನ್ನು ಹೊಲಿದು ಬಟ್ಟೆಯನ್ನು ಸುಕ್ಕುಗಟ್ಟಿಸುತ್ತಾರೆ. ಷರಿಂಗ್ ಎಂಬ ಈ ಕೆಲಸದಿಂದ ಒಂದೇ ಉಡುಪು ಹಲವು ಮೈಕಟ್ಟುಗಳಿಗೆ ಒಗ್ಗುತ್ತದೆ, ಅದರ ಮೇಲೆ ಅಡ್ಡಡ್ಡ ಹೆಣೆದ ರಿಬ್ಬನ್ನು ಎಲಾಸ್ಟಿಕ್ಕನ್ನು ಮರೆಮಾಡಿ ಕಾರ್ಸೆಟ್ಟಿನ ನೋಟವನ್ನೂ ಕೊಡುತ್ತದೆ.

ಅಂಚುಚಿತ್ರದ ಉಡುಪುಗಳಲ್ಲಿ ಮುದ್ರಣವೂ ಕಟಿಂಗೂ ಒಂದನ್ನೊಂದು ಕಟ್ಟಿಹಾಕುವ ಬಗೆ ಇನ್ನೂ ಸ್ವಾರಸ್ಯಕರವಾದುದು. ಗೇಟು, ಗೋಪುರ, ಕವಲುದೀಪಗಳ ಸಾಲನ್ನು ಥಾನಿನ ಉದ್ದಕ್ಕೂ ಒಂದು ಕರೆಯನ್ನು ಅನುಸರಿಸಿ ಮುದ್ರಿಸುವುದರಿಂದ ಲಂಗದ ಕೆಳಅಂಚು ಆ ಕರೆಗೆ ಸಮಾನಾಂತರವಾಗಿ ನೇರವಾಗಿಯೇ ಬರಬೇಕು. ವೃತ್ತಾಕಾರದ ಕಟಿಂಗ್ ಮಾಡಿದರೆ ಚಿತ್ರ ತುಂಡಾಗುತ್ತದೆ. ಹಾಗಾಗಿ ಆಯತಾಕಾರದ ಉದ್ದ ಬಟ್ಟೆಯನ್ನು ಸೊಂಟದ ಬಳಿ ನೆರಿಗೆ ಕೂಡಿಸುವುದೇ ಉಳಿಯುವ ದಾರಿ, ಆ ನೆರಿಗೆಗಳ ರಾಶಿಯೇ ಲಂಗಕ್ಕೆ ಮಗುವಿನ ಫ್ರಾಕಿನ ತುಂಬುತನವನ್ನು ಕೊಡುವಂಥದು. ಕತ್ತಲೆಯ ಚಿತ್ರ ಮುದ್ದಿನ ಆಕಾರವನ್ನು ತಾನಾಗಿ ಬೇಡುತ್ತದೆ ಎಂಬ ಈ ಸಂಗತಿ ಛಾಯಾಚಿತ್ರಗಳಿಂದ ತಿಳಿಯುವಂಥದಲ್ಲ, ಉಡುಪನ್ನು ಮೇಜಿನ ಮೇಲೆ ಹರವಿ ಅಳೆದವರಿಗೆ ಮಾತ್ರ ಹೊಳೆಯುವಂಥದು.

ಕಪ್ಪಿನ ಮೇಲೆ ಕಪ್ಪನ್ನು ಕಾಣಿಸುವುದು ಈ ಕಸುಬಿನ ಅತಿ ಕಷ್ಟದ ಭಾಗ. ಬಣ್ಣದ ಭೇದ ಇಲ್ಲದ ಕಡೆ ಅಲಂಕಾರ ಕಾಣಬೇಕಾದರೆ ಬೆಳಕು ಬೀಳುವ ಬಗೆಯಲ್ಲೇ ಭೇದ ತರಬೇಕು. ಎದೆಯ ಭಾಗದಲ್ಲಿ ಪಿನ್‌ಟಕ್, ಎಂದರೆ ಕೂದಲೆಳೆಯಷ್ಟು ಸಣ್ಣ ಮಡಿಕೆಗಳ ಸಾಲು. ಮಂಕಾದ ಹತ್ತಿಯ ಪಕ್ಕದಲ್ಲಿ ಮಿರುಗುವ ಸ್ಯಾಟಿನ್ ರಿಬ್ಬನ್. ಬೆಳಕನ್ನು ನುಂಗುವ ವೆಲ್ವೆಟ್ಟಿನ ಅಂಚಿಗೆ ತೂತುತೂತಾದ ಲೇಸು. ಲೇಸಿನ ಗುಣಮಟ್ಟವನ್ನು ಈ ವಲಯದಲ್ಲಿ ಬಹಳ ಕಟ್ಟುನಿಟ್ಟಾಗಿ ಅಳೆಯುತ್ತಾರೆ. ದಪ್ಪ ಹತ್ತಿ ನೂಲಿನ ಟಾರ್ಷನ್ ಲೇಸಿಗೂ, ಕರಗುವ ಬಟ್ಟೆಯ ಮೇಲೆ ಕಸೂತಿ ಹಾಕಿ ಆಮೇಲೆ ಬಟ್ಟೆಯನ್ನೇ ಕರಗಿಸಿ ಕಸೂತಿಯನ್ನಷ್ಟೇ ಉಳಿಸಿಕೊಳ್ಳುವ ಕೆಮಿಕಲ್ ಲೇಸಿಗೂ ಸಲ್ಲುವ ಗೌರವ ಗರಗರ ಎನ್ನುವ ಅಗ್ಗದ ನೈಲಾನ್ ಲೇಸಿಗೆ ಇಲ್ಲ. ಹತ್ತು ಹೆಜ್ಜೆ ದೂರದಿಂದ ಬರಿಯ ಕಪ್ಪು ಆಕೃತಿಯಾಗಿದ್ದುದು ಹತ್ತಿರ ಬಂದಂತೆ ತನ್ನ ಸೂಕ್ಷ್ಮಗಳನ್ನು ಬಿಟ್ಟುಕೊಡುವುದು ಗಾಥಿಕ್ ಲೋಲಿಟಾದ ಅತ್ಯಂತ ಘನವಾದ ಗುಣ.

ಈ ಲೋಕವನ್ನು ದಾಖಲಿಸುವ ಕೆಲಸವೂ ಅಷ್ಟೇ ಶ್ರದ್ಧೆಯಿಂದ ನಡೆದಿದೆ. ಛಾಯಾಗ್ರಾಹಕ ಶೊಯಿಚಿ ಅಒಕಿ ಅವರು 1997ರಲ್ಲಿ ಆರಂಭಿಸಿದ ಫ್ರೂಟ್ಸ್ ಪತ್ರಿಕೆಯಲ್ಲಿ ರಸ್ತೆಯಲ್ಲಿ ಕಂಡವರ ಅಡಿಯಿಂದ ಮುಡಿಯವರೆಗಿನ ಚಿತ್ರದ ಜೊತೆಗೆ ಅವರ ವಯಸ್ಸು, ಉದ್ಯೋಗ, ಪ್ರತಿಯೊಂದು ವಸ್ತುವಿನ ಮೂಲ ಇವನ್ನೂ ಮುದ್ರಿಸಲಾಗುತ್ತಿತ್ತು. ಸಂಶೋಧನೆಯ ಕ್ಷೇತ್ರಕಾರ್ಯಕ್ಕೆ ಇಂದಿಗೂ ಇದಕ್ಕಿಂತ ಸರಳವಾದ ಮಾದರಿ ಸಿಗುವುದು ಕಷ್ಟ. ಕೆರಾ ಪತ್ರಿಕೆಯ ಶಾಖೆಯಾಗಿ 2001ರಲ್ಲಿ ಹೊರಬಂದ ಗಾಥಿಕ್ ಅಂಡ್ ಲೋಲಿಟಾ ಬೈಬಲ್ ಇನ್ನೂ ಮುಂದೆ ಹೋಗಿ ಮನೆಯಲ್ಲೇ ಹೊಲಿದುಕೊಳ್ಳಲು ಬೇಕಾದ ಪ್ಯಾಟರ್ನುಗಳನ್ನು ಒದಗಿಸಿತು. ಬ್ರ್ಯಾಂಡಿನ ಉಡುಪು ಕೊಳ್ಳಲಾಗದ ಹುಡುಗಿಯರ ಕೈಗೆ ಕತ್ತರಿಯನ್ನು ಕೊಟ್ಟ ಪ್ರಕಟಣೆ ಎಂಬ ಕಾರಣಕ್ಕೆ ಅದರ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆಯೇ.

ಮುಂದಿನ ಪೀಳಿಗೆ ಕತ್ತಲೆಯನ್ನು ಬೇರೆಡೆ ಹುಡುಕಿತು. ಗಾಯಕಿ ಕ್ಯಾರಿ ಪಮ್ಯು ಪಮ್ಯು ಅವರ 2011ರ ಹಾಡಿನ ವೀಡಿಯೊ ಮೂಲಕ ವಿಕಾರವನ್ನೂ ಮುದ್ದನ್ನೂ ಬೆರೆಸುವ ಗುರೊ ಕವಾಯಿ ಹೊರದೇಶಗಳಿಗೂ ಪರಿಚಿತವಾಯಿತು. 2010ರ ದಶಕದ ನಡುವೆ ಕಾಣಿಸಿಕೊಂಡ ಯಾಮಿ ಕವಾಯಿ, ಎಂದರೆ ಬೇನೆಯ ಮುದ್ದು, ನಸುಗೆಂಪು ಮತ್ತು ತಿಳಿನೇರಳೆ ಬಣ್ಣಗಳ ನಡುವೆ ಬ್ಯಾಂಡೇಜು, ಮಾತ್ರೆ, ಸಿರಿಂಜುಗಳ ಚಿತ್ರಗಳನ್ನು ತಂದಿತು. ಚಿತ್ರಕಾರ ಎಜಾಕಿ ಬಿಸುಕೊ ಸೃಷ್ಟಿಸಿದ ಮೆನ್ಹೆರಾ-ಚಾನ್ ಎಂಬ ಶಾಲಾಬಾಲಕಿಯ ಪಾತ್ರ ಅದರ ಲಾಂಛನದಂತಾಯಿತು. ಮನಸ್ಸಿನ ಬೇನೆಯನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುವ ಸಮಾಜದಲ್ಲಿ ಅದನ್ನು ಉಡುಪಿನ ಮೇಲೆ ಹೇಳಿಕೊಳ್ಳುವುದು ಕೆಲವರಿಗೆ ಬಿಡುಗಡೆಯಾದರೆ, ನೋವನ್ನೇ ಚೆಂದವಾಗಿಸುವ ಅಪಾಯ ಇದರಲ್ಲಿದೆ ಎಂಬ ಆಕ್ಷೇಪವೂ ಇದೆ, ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬ್ಯಾಂಡೇಜನ್ನು ಬರಿಯ ಆಕರ್ಷಕ ಚಿತ್ರವಾಗಿ ಎತ್ತಿಕೊಂಡು ಬೇರೊಂದು ಉತ್ಪನ್ನದ ಮೇಲೆ ಅಚ್ಚುಹಾಕುವ ವಿನ್ಯಾಸಕರು, ಅದನ್ನು ಮೊದಲು ತೊಟ್ಟವರ ಮಾತನ್ನು ಕೇಳದೆ ಹಾಗೆ ಮಾಡುವುದು ನ್ಯಾಯವಲ್ಲ.

ಅಂಥ ಮಾತುಗಳಿಗೆ ಕಿವಿಗೊಟ್ಟರೆ ಹಲವು ಊಹೆಗಳು ಬದಲಾಗುತ್ತವೆ. ಈ ಉಡುಪು ಹದಿಹರೆಯದೊಂದಿಗೆ ಮುಗಿಯುವ ಹುಚ್ಚು ಎಂಬುದು ಅಂಥ ಊಹೆಗಳಲ್ಲೊಂದು. ಜಪಾನಿನ ವಿದೇಶಾಂಗ ಸಚಿವಾಲಯ 2009ರಲ್ಲಿ ಕವಾಯಿ ರಾಯಭಾರಿಗಳಾಗಿ ನೇಮಿಸಿದ ಮೂವರಲ್ಲಿ ಲೋಲಿಟಾ ಉಡುಪಿನ ಪ್ರತಿನಿಧಿಯಾಗಿದ್ದ ಮಿಸಾಕೊ ಅಒಕಿ ರೂಪದರ್ಶಿಯಾಗಿರುವ ಜೊತೆಗೆ ನರ್ಸ್ ಆಗಿಯೂ ದುಡಿದವರು. ಮೂವತ್ತು ದಾಟಿದ ಮೇಲೂ ಅವರು ಈ ಉಡುಪನ್ನು ಬಿಡಲಿಲ್ಲ. 2017ರಲ್ಲಿ ಫ್ರೂಟ್ಸ್, ಕೆರಾ, ಬೈಬಲ್ ಮೂರೂ ಮುದ್ರಣ ನಿಲ್ಲಿಸಿದಾಗ ಹರಾಜುಕುವಿನ ಕಾಲ ಮುಗಿಯಿತೆಂದು ಬರೆದವರು ಹಲವರಾದರೂ, ಅಷ್ಟರಲ್ಲಾಗಲೇ ಈ ಉಡುಪು ಬೀದಿಯಿಂದ ಚಹಾಕೂಟಗಳಿಗೆ, ಟೋಕಿಯೋದಿಂದ ಹೊರದೇಶಗಳ ಊರುಗಳಿಗೆ ಹರಡಿತ್ತು, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2012ರಲ್ಲಿ ಇದಕ್ಕೆಂದೇ ಪ್ರದರ್ಶನ ಏರ್ಪಡಿಸಿತ್ತು. ಟೋಕಿಯೋದಲ್ಲಿ ಕ್ಲಾಸೆಟ್ ಚೈಲ್ಡ್‌ನಂಥ ಮಳಿಗೆಗಳು ಹಳೆಯ ಲೋಲಿಟಾ ಉಡುಪುಗಳನ್ನು ಕೊಂಡು ಮಾರುತ್ತವೆ. ಹೊಸದಾಗಿ ಕೊಳ್ಳಲಾಗದ ಉಡುಪನ್ನು ಅಲ್ಲಿ ಕೈಗೆತ್ತಿಕೊಂಡು, ಲೈನಿಂಗನ್ನು ಹೊರಳಿಸಿ, ಲೇಸನ್ನು ಬೆರಳಿನಿಂದ ಮುಟ್ಟಿ, ಹಿಂದಿನವರು ಗುಂಡಿ ಬದಲಿಸಿದ ಅಥವಾ ಅಂಚು ಬಿಚ್ಚಿದ ಗುರುತುಗಳನ್ನು ವಿದ್ಯಾರ್ಥಿಗಳು ನೇರವಾಗಿ ಗಮನಿಸಬಹುದು.